ಬಚ್ಚಲಿಗೆ ಹಾಸಿದ ಕಲ್ಲುಗಳು

ಹಳೆಯ ಮನೆಯನ್ನು ಕೆಡಿಸದೆ ಉಳಿಸಿಕೊಂಡವನೆಂದು ಅಗರಖೇಡದಲ್ಲಿ ನನಗೊಂದು ಹೆಸರಿದೆ. ಇಂಡಿ, ಸಿಂದಗಿ ಕಡೆಯಿಂದಲೂ ಜನ ನೋಡಲು ಬರುತ್ತಾರೆ. ತೊಲೆ, ಕಂಬ, ಮಣ್ಣಿನ ಮಾಳಿಗೆ ತೋರಿಸುತ್ತೇನೆ. ಯಾಕೆ ಉಳಿಸಿದೆನೆಂದು ಈವರೆಗೆ ಹೇಳಿಲ್ಲ.

ಅಣ್ಣನೂ ನಾನೂ ಬೇರೆಯಾದಾಗ ತಲಬಾಗಿಲು, ಅಂಗಳ ಅವನ ಪಾಲಿಗೆ ಹೋದವು. ದನದ ಕೊಟ್ಟಿಗೆ, ಹಿತ್ತಲ ಬಾಗಿಲು ನನಗೆ ಬಂದವು. ಮಗಳ ಮದುವೆಗೆ ಗೊಳಸಂಗಿಯ ಬೀಗರು ಬಂದ ದಿನ ತಲಬಾಗಿಲಿನಿಂದ ಕರೆತರಲು ಬಿಡು ಎಂದು ಅಣ್ಣನನ್ನು ಕೇಳಿಕೊಂಡೆ.

"ಇದು ನನ್ನ ಪಾಲಿನ ಬಾಗಲಾ. ನಿನ್ನ ಬೀಗರು ನಿನ್ನ ಬಾಗಲಾ ಹಿಡದು ಬರ್ಲಿ" ಎಂದ.

ಬೀಗರು ಧೋತರ ಎತ್ತಿ ಹಿಡಿದು ಸಗಣಿ ದಾಟಿದರು. ಅವರಲ್ಲೊಬ್ಬ, "ಏನ್ ಬೀಗರ, ಕನ್ಯಾ ಕೊಡಾಕತ್ತೀರೋ, ಎಮ್ಮಿ ಕೊಡಾಕತ್ತೀರೋ?" ಎಂದ. ಎಲ್ಲರೂ ನಕ್ಕರು. ಅಂಗಳದಲ್ಲಿ ನಿಂತಿದ್ದ ಅಣ್ಣನೂ ನಕ್ಕ. ಆ ನಗೆಯನ್ನು ನಾನು ಮರೆಯಲಿಲ್ಲ.

ತೊಂಬತ್ತರ ದಶಕ ಮುಗಿಯುವಾಗ ನನ್ನ ಪಾಲಿನ ಮನೆ ರಿಪೇರಿಗೆ ತೆಗೆದೆ. ಹೆಂಡತಿ ಸ್ಲ್ಯಾಬ್ ಹಾಕಿಸಿ ಎಂದಳು. ಅಜ್ಜನ ಮನೆ ಇದ್ದಂತೆಯೇ ಇರಬೇಕೆಂದೆ. ಮಾಳಿಗೆಯ ಮಳೆನೀರು ಅಜ್ಜ ಇಡಿಸಿದ ಕಲ್ಲಿನ ದೋಣಿಯಿಂದ ಅಣ್ಣನ ಅಂಗಳದ ಅಂಚಿಗೆ ಬೀಳುತ್ತಿತ್ತು. ಗೋಡೆಯ ಬುಡದ ಕಲ್ಲುಗಾಲುವೆ ಅದನ್ನು ಓಣಿಗೆ ಒಯ್ಯುತ್ತಿತ್ತು. ಪಕ್ಕದಲ್ಲೇ ಅಣ್ಣನ ಹಗೇವು, ನೆಲದೊಳಗೆ ವರ್ಷದ ಜೋಳ ತುಂಬಿಡುವ ಗುಳಿ. ದೋಣಿ ಉಳಿಸಿದೆ. ಗೋಡೆಯೊಂದಿಗೆ ಕಾಲುವೆಯೂ ನನ್ನ ಪಾಲಿನದು, ಅದರ ಕಲ್ಲು ಕೀಳಿಸಿ ಮೇಲೆ ಮಣ್ಣು ಹರಡಿಸಿದೆ.

"ಕಲ್ಲ ಕಿತ್ತರ ನೀರು ಎಲ್ಲಿ ಹೋಗ್ಬೇಕ್ರಿ?" ಎಂದು ಗೌಂಡಿ ಕೇಳಿದ.

"ನೀರಿನ ಚಿಂತಿ ನಿನಗ್ಯಾಕ? ನೀ ಕೆಲಸಾ ಮಾಡು."

ಮಳೆಗಾಲ ಕಳೆದು ಅಣ್ಣ ಹಗೇವು ತೆಗೆಸಿದಾಗ ಕೊಳೆತ ಜೋಳದ ನಾತ ನಮ್ಮ ಅಡುಗೆಮನೆಗೂ ಬಂತು. ಇಲಿ ಬಿಲದಿಂದ ನೀರು ಹೊಕ್ಕಿದೆ ಎಂದುಕೊಂಡ. ನಡುಗೋಡೆಯ ಆಚೆಯಿಂದ ಕೂಗಿದ:

"ತಮ್ಮಾ, ಒಂದು ಚೀಲ ಜೋಳಾ ಕೊಡ್ತಿಯೇನು? ಸುಗ್ಗಿಗಿ ತಿರುಗಿ ಕೊಡ್ತೇನಿ."

ನಾನು ಕಾಯುತ್ತಿದ್ದುದು ಇದಕ್ಕೇ. "ಬರ್ರಿ. ಹಿತ್ತಲ ಬಾಗಲಿಂದ ಬರ್ರಿ" ಎಂದೆ. ಅಣ್ಣನಿಗೆ ಹಿಂದೆಂದೂ 'ರಿ' ಹಚ್ಚಿ ಮಾತಾಡಿರಲಿಲ್ಲ.

ಧೋತರ ಎತ್ತಿ ಸಗಣಿ ದಾಟಿ, ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಕಣ್ಣು ತುಂಬ ನೋಡಿದೆ, ಬಹಳ ಹಿತವಾಗಿತ್ತು. ಅವನು ಮಾತ್ರ ನನ್ನನ್ನು ನೋಡದೆ ತೊಲೆಗಳನ್ನು ನೋಡುತ್ತ ನಿಂತ.

"ಅವ್ವ ಇದ್ದಾಗ ಹೆಂಗಿತ್ತೋ ಹಂಗ ಇಟ್ಟಿ ನೋಡು. ನನ್ನ ಕೈಲೆ ಆಗ್ತಿರಲಿಲ್ಲ, ತಮ್ಮಾ."

ಚೀಲ ತುಂಬಿ ಹೊರಿಸಿದೆ. ಸುಗ್ಗಿಗೆ ಹೇಳಿದಂತೆ ತಿರುಗಿ ತಂದುಕೊಟ್ಟ, ಹಿತ್ತಲ ಬಾಗಿಲಿನಿಂದಲೇ. ನಿಜ ತಿಳಿಯದೆಯೇ ತೀರಿಕೊಂಡ.

ಕಿತ್ತ ಕಲ್ಲುಗಳನ್ನು ಬಚ್ಚಲಿಗೆ ಹಾಸಿಸಿದ್ದೆ. ನೀರು ಹರಿದು ಸವೆದ ಗುರುತು ಅವುಗಳ ಮೇಲೆ ಇನ್ನೂ ಇದೆ. ದಿನಾ ಬೆಳಿಗ್ಗೆ ಅವುಗಳ ಮೇಲೆ ನಿಂತೇ ಜಳಕ ಮಾಡುತ್ತೇನೆ. ಮನೆ ನೋಡಲು ಬಂದವರಿಗೆ ಬಚ್ಚಲು ತೋರಿಸುವುದಿಲ್ಲ.