ಗಂಗುಲಮ್ಮನ ಕೈಗೆ ಸ್ಪರ್ಶ ಮರಳಿದ್ದು

ಬಿಸಿನೀರಿನ ಬೇಸಿನ್ನಿನಲ್ಲಿ ತೇಲುವ ರೇಷ್ಮೆಗೂಡಿನ ಎಳೆಯ ತುದಿಯನ್ನು ಮೇಲೂರಿನ ಗಂಗುಲಮ್ಮ ಬೆರಳಿನಿಂದಲೇ ಪತ್ತೆ ಮಾಡುತ್ತಿದ್ದಳು. ಪಕ್ಕದವಳ ಜೊತೆ ಮಾತಾಡುತ್ತಾ, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಎಳೆ ಎತ್ತಿ ರಾಟೆಗೆ ಕೊಡುವಳು. ಶಿಡ್ಲಘಟ್ಟದಲ್ಲಿ ವಜೀರುನ್ನೀಸಾ ನಡೆಸುತ್ತಿದ್ದ ನೂಲು ಬಿಚ್ಚಾಣಿಕೆ ಶೆಡ್ಡಿಗೆ ಅವಳು ಸೇರಿ ವರ್ಷಗಳೇ ಆಗಿದ್ದವು. ಗಂಡ ತೀರಿಕೊಂಡ ಮೇಲೆ ಮಗಳು ಆಂಜಿನಮ್ಮನನ್ನು ಓದಿಸಿದ್ದು ಈ ಕೆಲಸದಿಂದಲೇ.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಅವಳ ಅಂಗಾಲು, ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ಬಸ್‌ಸ್ಟ್ಯಾಂಡಿನಿಂದ ಶೆಡ್ಡಿಗೆ ನಡೆಯುವಷ್ಟರಲ್ಲಿ ಏದುಸಿರು. ಖಾರ ತಗುಲಿದರೆ ನಾಲಿಗೆ ಉರಿಯುತ್ತಿತ್ತು. ಅಂಗಡಿಯಿಂದ ಟಾನಿಕ್ ತಂದು ಕುಡಿದಳು, ಏನೂ ಆಗಲಿಲ್ಲ. ಎಳೆ ಸಿಗದೆ ಗೂಡುಗಳು ಬೇಸಿನ್ನಿನಲ್ಲೇ ಉಳಿಯತೊಡಗಿದವು. ಎರಡು ಸಲ ಕೆದಕಿ ಸಿಗದಿದ್ದಾಗ ಮೂರನೇ ಸಲ ಅವಳು ಬಗ್ಗಿ ಕಣ್ಣಿಟ್ಟು ಹುಡುಕುವಳು.

ಒಂದು ದಿನ ವಜೀರುನ್ನೀಸಾ ಅವಳ ಕೈ ಹಿಡಿದು ತಿರುಗಿಸಿ ನೋಡಿದರು. ಬೆರಳುಗಳ ತುಂಬ ಬೊಬ್ಬೆ ಎದ್ದಿದ್ದವು.

"ಗಂಗುಲಮ್ಮ, ಸುಟ್ಟಿರೋದು ಗೊತ್ತೇ ಆಗ್ಲಿಲ್ವಾ?"

"ಇಲ್ಲ ಅಮ್ಮ. ಈಗ ನೀವು ತೋರಿಸಿದ ಮೇಲೇ ನೋಡ್ತಿದೀನಿ."

ಈ ಮಾತು ಶೆಡ್ಡಿನಲ್ಲಿ ಎಲ್ಲರ ಕಿವಿಗೂ ಬಿತ್ತು. ಸುಟ್ಟರೂ ಗೊತ್ತಾಗದ ಕೈ ಎಂದರೆ ಕುಷ್ಠವೇ ಇರಬೇಕು ಎಂದು ಒಬ್ಬಳು ಅಂದಳು, ಉಳಿದವರು ನಂಬಿದರು. ವರ್ಷಗಟ್ಟಲೆ ಪಕ್ಕದಲ್ಲೇ ಕೂತು ದುಡಿದ ಅಮ್ಮಾಜಮ್ಮ ಬೇಸಿನ್ ಬದಲಾಯಿಸಿಕೊಂಡಳು. ಸುದ್ದಿ ಮೇಲೂರು ಮುಟ್ಟಿದರೆ ಆಂಜಿನಮ್ಮನನ್ನು ಯಾರು ಮದುವೆಯಾಗುತ್ತಾರೆ ಎನ್ನುವ ಒಂದೇ ಯೋಚನೆ ಗಂಗುಲಮ್ಮನದು.

"ಚಿಂತಾಮಣೀಲಿ ನಮ್ಮ ಅಕ್ಕನ ಮಗಳು ಗೌಹರ್ ಡಾಕ್ಟ್ರು. ನಾಳೆ ಹೋಗಣ, ಆಂಜಿನಮ್ಮನೂ ಬರ್ಲಿ," ಅಂದರು ವಜೀರುನ್ನೀಸಾ.

ಗೌಹರ್ ಆಗಿನ್ನೂ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಹುಡುಗಿ. ಗಂಗುಲಮ್ಮನ ಕಣ್ಣು ಮುಚ್ಚಿಸಿ ಹತ್ತಿಯಿಂದ ಕೈಕಾಲು ಸವರಿದಳು. ಮೊಣಕೈ ನರ ಒತ್ತಿ ನೋಡಿದಳು, ಮೈಮೇಲೆ ಮಚ್ಚೆಗಳಿವೆಯೇ ಎಂದು ಹುಡುಕಿದಳು. ನಾಲಿಗೆ ಚಾಚಲು ಹೇಳಿದಳು. ನಾಲಿಗೆ ತೊಳೆದ ಕಲ್ಲಿನ ಹಾಗೆ ನುಣುಪಾಗಿ, ಕೆಂಪಗಿತ್ತು.

"ಮಚ್ಚೆ ಇಲ್ಲ, ನರಾನೂ ದಪ್ಪ ಆಗಿಲ್ಲ. ಇದು ಕುಷ್ಠ ಅಲ್ಲಮ್ಮ," ಅಂದಳು. "ಏನು ಊಟ ಮಾಡ್ತೀರಿ?"

"ಮುದ್ದೆ, ಸೊಪ್ಪಿನ ಸಾರು, ಅನ್ನ."

"ಹಾಲು, ಮೊಸರು? ಮೊಟ್ಟೆ?"

ಗಂಗುಲಮ್ಮ ಮಗಳ ಕಡೆ ನೋಡಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. ಆಂಜಿನಮ್ಮ ಚಿಕ್ಕವಳಿದ್ದಾಗ ಜ್ವರ ಏರಿ, ತಾಯಿಯ ಗುರುತೂ ಸಿಗದೆ ಮಲಗಿದ್ದಳು. ಆಗ ನಾಗರ ಕ್ಷೇತ್ರ ವಿದುರಾಶ್ವತ್ಥಕ್ಕೆ ಹೋಗಿ ಅವಳು ಹರಕೆ ಹೊತ್ತಿದ್ದಳು. ಮಗು ಬದುಕಿದರೆ ಹಾಲು ಮೊಸರೆಲ್ಲ ನಾಗಪ್ಪನಿಗೆ, ತಾನು ಮುಟ್ಟುವುದಿಲ್ಲ, ಮಾಂಸ ಮೊಟ್ಟೆಯೂ ಬೇಡ ಎಂದು. ಮಗು ಬದುಕಿತು.

ಆಂಜಿನಮ್ಮ ಇದನ್ನು ಕೇಳಿದ್ದು ಅವತ್ತೇ ಮೊದಲು. ಅಮ್ಮನಿಗೆ ಹಾಲಿನ ವಾಸನೆ ಆಗದು ಎಂದೇ ಅವಳು ನಂಬಿದ್ದಳು.

ಗೌಹರ್ ಗಂಗುಲಮ್ಮನ ಬೆರಳಿನಿಂದ ಒಂದು ಹನಿ ರಕ್ತ, ಹೋಲಿಸಿ ನೋಡಲು ಮಗಳ ಬೆರಳಿನಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮೊದಲು ತಾನು ನೋಡಿ, ಆಮೇಲೆ ಗಂಗುಲಮ್ಮನನ್ನು ಕೂರಿಸಿ ತೋರಿಸಿದಳು. ಮಗಳ ರಕ್ತದಲ್ಲಿ ಒಂದೇ ಅಳತೆಯ ಪುಟ್ಟ ಬಿಲ್ಲೆಗಳು ಒತ್ತೊತ್ತಾಗಿದ್ದವು. ತನ್ನದರಲ್ಲಿ ಅಲ್ಲೊಂದು ಇಲ್ಲೊಂದು, ಆದರೆ ಎಲ್ಲ ದಪ್ಪ ದಪ್ಪ.

"ನಂದು ದೊಡ್ಡದಾಗೇ ಇದಾವಲ್ಲ, ಒಳ್ಳೇದಲ್ವಾ?"

ಗೌಹರ್ ನಕ್ಕಳು. "ಅಲ್ಲೇ ತೊಂದ್ರೆ ಅಮ್ಮ. ರಕ್ತದ ಕಣ ಹುಟ್ಟೋದು ಮೂಳೆ ಒಳಗೆ. ಅಲ್ಲಿ ತಾಯಿಕಣ ಒಂದಿದ್ದದ್ದು ಎರಡಾಗ್ತಾ ಹೋಗ್ಬೇಕು. ಎರಡಾಗೋಕೆ ಮುಂಚೆ ಅದು ಬೆಳೀಬೇಕು. ಅದರೊಳಗೆ ಡಿಎನ್‌ಎ ಅಂತ ಉದ್ದನೆ ಎಳೆ ಇರುತ್ತೆ, ಕಣ ಹೆಂಗಿರಬೇಕು ಅನ್ನೋದೆಲ್ಲ ಅದರಲ್ಲೇ ಇರೋದು. ಆ ಎಳೆ ಪೂರ್ತಿ ನಕಲಾಗಿ ಎರಡು ಪ್ರತಿ ಆಗ್ಬೇಕು. ಆಮೇಲೇ ಕಣ ಎರಡಾಗಿ, ಒಂದೊಂದಕ್ಕೆ ಒಂದೊಂದು ಪ್ರತಿ ಸಿಗೋದು. ಆ ನಕಲು ಮಾಡೋಕೆ ಬಿ-ಹನ್ನೆರಡು ಅನ್ನೋ ವಿಟಮಿನ್ ಬೇಕು. ಅದು ಹಾಲು, ಮೊಟ್ಟೆ, ಮಾಂಸದಲ್ಲಿರುತ್ತೆ."

"ಅದಿಲ್ದಿದ್ರೆ?"

"ಕಣ ಬೆಳೀತಾನೇ ಇರುತ್ತೆ, ಎಳೆ ನಕಲು ಮಾತ್ರ ಮುಗಿಯಲ್ಲ. ಎರಡಾಗಕ್ಕಾಗ್ದೆ ಊದ್ಕೊಂಡು ಕೂರುತ್ತೆ. ಎಷ್ಟೋ ಅಲ್ಲೇ ಸಾಯ್ತವೆ. ಹೊರಗೆ ಬರೋದು ಕಮ್ಮಿ, ಅದಕ್ಕೇ ನಿಮಗೆ ಉಸಿರು ಸಾಲಲ್ಲ. ನಾಲಿಗೆ ಚರ್ಮಾನೂ ದಿನಾ ಹೊಸದಾಗ್ಬೇಕು, ಅಲ್ಲೂ ಅದೇ ಕಥೆ. ನರಗಳಿಗೆ ಈ ವಿಟಮಿನ್ ಬೇರೆ ಕಾರಣಕ್ಕೆ ಬೇಕು. ಕೈ ಜೋಮು ಹಿಡಿದಿರೋದು ಅದಕ್ಕೆ."

ಆಂಜಿನಮ್ಮ ಅಳುತ್ತಿದ್ದಳು. "ಇವತ್ತಿಂದ ಹಾಲು ಕುಡಿಯಮ್ಮ. ನನಗೋಸ್ಕರ ಹೊತ್ತಿದ್ದಲ್ವಾ, ನಾನೇ ಹೇಳ್ತಿದೀನಿ."

"ಕೊಟ್ಟ ಮಾತು ವಾಪಸ್ ತಗೊಳೋದು ಹೆಂಗಮ್ಮ," ಅಂದಳು ಗಂಗುಲಮ್ಮ. ಅವಳ ದನಿಯಲ್ಲಿ ಹಟವಿರಲಿಲ್ಲ, ಭಯವಿತ್ತು. ಹರಕೆ ಮುರಿದರೆ ಮಗಳಿಗೇನಾದರೂ ಆದೀತು ಎನ್ನುವ ಭಯ.

ವಜೀರುನ್ನೀಸಾ ಗದರಲು ಬಾಯಿ ತೆರೆದರು. ಗೌಹರ್ ಕೈಸನ್ನೆಯಿಂದ ತಡೆದಳು.

"ಮುರೀಬೇಡಿ. ಇಂಜೆಕ್ಷನ್ ಇದೆ. ಅದರಲ್ಲಿ ಹಾಲೂ ಇಲ್ಲ, ಮಾಂಸಾನೂ ಇಲ್ಲ. ಮೊದ್ಲು ಬೇಗ ಬೇಗ ತಗೋಬೇಕು, ಆಮೇಲೆ ತಿಂಗಳಿಗೊಂದು ಸಾಕು. ಆದ್ರೆ ನಿಲ್ಲಿಸ್ಬಾರದು."

ಗಂಗುಲಮ್ಮ ಅಲ್ಲೇ ತೋಳು ಚಾಚಿದಳು.

ವಾರದೊಳಗೆ ಹಸಿವು ಹುಟ್ಟಿತು. ದೀಪಾವಳಿಯ ಹೊತ್ತಿಗೆ ಮುಖಕ್ಕೆ ಬಣ್ಣ ಬಂದಿತ್ತು. ಕೈ ಮಾತ್ರ ಬಹಳ ಸತಾಯಿಸಿತು. ಅದು ಸರಿಹೋಗುವವರೆಗೆ ವಜೀರುನ್ನೀಸಾ ಅವಳನ್ನು ಗೂಡು ಆರಿಸಲು ಕೂರಿಸಿದರು. ಕುಷ್ಠವಲ್ಲ ಎಂದು ಶೆಡ್ಡಿನವರ ಮುಂದೆ ಅವರೇ ನಿಂತು ಹೇಳಿದರು. ಕೆಲವರು ನಂಬಿದರು, ಕೆಲವರು ದೂರವೇ ಉಳಿದರು. ಮಾರನೆಯ ವರ್ಷ ಒಂದು ಬೆಳಿಗ್ಗೆ ಅವಳು ಬೇಸಿನ್ನಿಗೆ ಕೈ ಹಾಕಿ, ಥಟ್ಟನೆ ಹಿಂದಕ್ಕೆಳೆದು, "ಅಬ್ಬಾ, ಸುಡ್ತದೆ," ಅಂದಳು. ಅಮ್ಮಾಜಮ್ಮ ಎದ್ದು ಬಂದು ಪಕ್ಕದಲ್ಲಿ ಕೂತಳು.

ಅಂಗಾಲಿನ ಜೋಮು ಪೂರ್ತಿ ಹೋಗಲೇ ಇಲ್ಲ. ಗಂಗುಲಮ್ಮ ನೆಲ ನೋಡಿಕೊಂಡು ನಡೆಯುವುದನ್ನು ರೂಢಿ ಮಾಡಿಕೊಂಡು, ತೊಂಬತ್ತೈದನೇ ಇಸವಿಯವರೆಗೂ ಶೆಡ್ಡಿನಲ್ಲಿ ದುಡಿದಳು. ಅಷ್ಟರಲ್ಲಿ ಆಂಜಿನಮ್ಮ ನರ್ಸ್ ತರಬೇತಿ ಮುಗಿಸಿ ಗೌರಿಬಿದನೂರಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಮದುವೆಯೂ ಆಗಿದ್ದಳು. ತಿಂಗಳಿಗೊಮ್ಮೆ ಅವಳೇ ಮೇಲೂರಿಗೆ ಬಂದು ತಾಯಿಗೆ ಸೂಜಿ ಚುಚ್ಚುವಳು. ನೋವಾಯಿತೇ ಎಂದು ಕೇಳುವಳು. ನೋವಾಯಿತು ಅಂದರೆ ಅವಳಿಗೆ ಸಮಾಧಾನ.