ನಲವತ್ತು ಸ್ಲೇಟಿನ ಯಂತ್ರ

ಮೊನ್ನೆ ನಮ್ಮ ಮಲ್ಲೇಶ್ವರದ ಮನೆಯ ಮೆಟ್ಟಿಲ ಮೇಲೆ ಪಕ್ಕದ ಮನೆಯ ಮಗು ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸುತ್ತ ಕುಳಿತಿತ್ತು. ಒದ್ದೆ ಸ್ಲೇಟಿಗೆ ಅದರದೇ ಒಂದು ವಾಸನೆಯಿದೆ, ನಿಮಗೂ ಗೊತ್ತಿರಬಹುದು. ಅದು ಮೂಗಿಗೆ ತಾಗಿದ್ದೇ ತಡ, ನನ್ನ ಕಾಲು ನೋಯತೊಡಗಿತು. ವಯಸ್ಸಿನ ನೋವಲ್ಲ, ಅದರ ಪರಿಚಯ ನನಗೆ ಚೆನ್ನಾಗಿಯೇ ಇದೆ. ಇದು ನಾನು ಹತ್ತೊಂಬತ್ತರ ವಯಸ್ಸಿನಲ್ಲಿ ಒಂದಿಡೀ ದಿನ ಯಂತ್ರದ ಬಿಡಿಭಾಗವಾಗಿ ನಡೆದು ನಡೆದು ಸಂಪಾದಿಸಿದ ನೋವು.

ನಾನು ಜೀವಮಾನವೆಲ್ಲ ಕಲಿಸಿದ್ದು ಗಣಕಯಂತ್ರದ ಸಿದ್ಧಾಂತವನ್ನು. ಹಾಗೆಂದ ಕೂಡಲೇ ನೆಂಟರು ತಮ್ಮ ಮನೆಯ ಕೆಟ್ಟ ಕಂಪ್ಯೂಟರನ್ನು ಹೊತ್ತು ತರುತ್ತಾರೆ. ನನಗೆ ಅದರ ಸ್ವಿಚ್ಚು ಎಲ್ಲಿದೆಯೆಂದೂ ಸರಿಯಾಗಿ ಗೊತ್ತಿಲ್ಲ. ಯಂತ್ರ ಏನು ಮಾಡಬಲ್ಲದು, ಏನನ್ನು ಎಂದೆಂದಿಗೂ ಮಾಡಲಾರದು ಎಂದು ಕಾಗದ ಪೆನ್ಸಿಲು ಹಿಡಿದು ಯೋಚಿಸುವುದು ನನ್ನ ಕಸುಬು. ಈ ಹುಚ್ಚು ಹಚ್ಚಿದವರು ಗುರುಶಾಂತಪ್ಪ ಮೇಷ್ಟ್ರು. ಊರಲ್ಲಿ ಅಂಥ ಯಂತ್ರವನ್ನು ಕಣ್ಣಾರೆ ಕಂಡವರು ನಮಗೆ ತಿಳಿದಂತೆ ಒಬ್ಬರೂ ಇರಲಿಲ್ಲ. ಸಕ್ಕರೆ ಇನ್ನೂ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ ಅದು.

ಮೇಷ್ಟ್ರು ತರಗುಪೇಟೆಯ ಬೇಳೆ ವ್ಯಾಪಾರದ ಮನೆತನದವರು. ಅಣ್ಣಂದಿರು ಅಂಗಡಿಯಲ್ಲಿ ತೊಗರಿ ಮಾರುತ್ತಿದ್ದರೆ ಇವರು ಬಸವನಗುಡಿಯ ನಮ್ಮ ಕಾಲೇಜಿನಲ್ಲಿ ಗಣಿತದ ಹಂಗಾಮಿ ಲೆಕ್ಚರರು. ಹಣೆಯಲ್ಲಿ ವಿಭೂತಿ, ಮುಚ್ಚುಗೊರಳಿನ ಕೋಟು, ಕೋಟಿನ ಜೇಬಿನಲ್ಲಿ ವಿದೇಶದ ಯಾವುದೋ ಪತ್ರಿಕೆಯಿಂದ ಕೈಯಲ್ಲೇ ನಕಲು ಮಾಡಿಕೊಂಡ ಒಂದು ಪ್ರಬಂಧ. ಅದರಲ್ಲಿ ಒಂದು ಕಾಲ್ಪನಿಕ ಯಂತ್ರದ ವರ್ಣನೆಯಿತ್ತು. ಕೊನೆಯಿಲ್ಲದ ಉದ್ದನೆಯ ಪಟ್ಟಿ, ಪಟ್ಟಿಯ ತುಂಬ ಮನೆಗಳು, ಮನೆಗೊಂದು ಗುರುತು. ಒಂದು ಸಲಕ್ಕೆ ಒಂದೇ ಮನೆಯನ್ನು ನೋಡುವ ಕಣ್ಣು. ಅದು ಗುರುತನ್ನು ಓದಿ, ನಿಯಮದ ಚೀಟಿ ನೋಡಿ, ಅಳಿಸಿ, ಬರೆದು, ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಸರಿಯುತ್ತದೆ. ಅಷ್ಟೇ. ಲೋಕದ ಯಾವ ಲೆಕ್ಕವನ್ನಾದರೂ ಇಷ್ಟರಲ್ಲೇ ಮಾಡಬಹುದು ಎಂದರು ಮೇಷ್ಟ್ರು.

"ಈ ಮಿಷನ್ನು ಎಲ್ಲಿದೆ ಸಾರ್?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

"ಎಲ್ಲೂ ಇಲ್ಲ. ಅದೇ ಇದರ ಸೊಗಸು. ಇಲ್ಲದೇ ಇರೋದಕ್ಕೆ ಕೆಟ್ಟುಹೋಗೋ ಭಯ ಇಲ್ಲ ನೋಡಿ."

ಆ ವರ್ಷ ಮೇಷ್ಟ್ರ ಕೆಲಸ ಕಾಯಂ ಆಗಬೇಕಿತ್ತು. ಅದಕ್ಕೆಂದು ತಾವು ನಡೆಸುತ್ತಿರುವ ಸಂಶೋಧನೆಯ ವಿವರ ಕೊಡುವಾಗ 'ಒಂದು ಯಂತ್ರದ ಬಗ್ಗೆ ಯೋಚಿಸುತ್ತಿದ್ದೇನೆ' ಎಂದು ಬರೆದರು. ಯೋಚನೆಗೆಲ್ಲ ವರದಿಯಲ್ಲಿ ಕಾಲಂ ಇಲ್ಲವೆಂದು ಆಫೀಸಿನ ಗುಮಾಸ್ತರು ಒಳ್ಳೆಯ ಮನಸ್ಸಿನಿಂದಲೇ ಅದನ್ನು 'ಯಂತ್ರ ಸಿದ್ಧವಾಗುತ್ತಿದೆ' ಎಂದು ಟೈಪು ಮಾಡಿ ಕಳಿಸಿಬಿಟ್ಟರು. ಯಂತ್ರವನ್ನು ಪರೀಕ್ಷಿಸಲು ಗುರುವಾರ ಇಲಾಖೆಯ ಸಮಿತಿ ಬರುತ್ತದೆಂದು ಕಾಗದ ಬಂತು.

ಪ್ರಿನ್ಸಿಪಾಲರು ಮೇಷ್ಟ್ರನ್ನು ಕರೆಸಿದರು. ನಾವು ಮೂವರು ಹುಡುಗಿಯರು ಫೀಸಿನ ರಸೀತಿಗೆಂದು ಬಾಗಿಲಲ್ಲಿ ನಿಂತಿದ್ದರಿಂದ ಎಲ್ಲವೂ ಕೇಳಿಸಿತು.

"ಎಲ್ರೀ ಗುರುಶಾಂತಪ್ಪ, ಮಿಷನ್ನು?"

"ತಲೇಲಿದೆ ಸಾರ್."

"ಗುರುವಾರದೊಳಗೆ ಹೊರಗೆ ತನ್ನಿ."

ಮೇಷ್ಟ್ರು ತಂದರು. ನಲವತ್ತು ಹುಡುಗರನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಒಂದೊಂದು ಸ್ಲೇಟು ಕೊಟ್ಟರು. ಪಟ್ಟಿ ತಯಾರಾಯಿತು. ಕಣ್ಣಾಗಿ ನಡೆಯುವ ಕೆಲಸ ನನ್ನ ಪಾಲಿಗೆ ಬಂತು. "ಹುಡುಗರನ್ನ ನಡೆಯೋಕೆ ಬಿಟ್ರೆ ಹೋಟೆಲ್ ಕಡೆ ನಡೀತಾರೆ. ನೀನು ಹೇಳಿದ್ದಷ್ಟೇ ಮಾಡ್ತೀಯಮ್ಮ. ಯಂತ್ರಕ್ಕೆ ಬೇಕಾದ್ದು ಅದೇ," ಎಂದರು. ಇದನ್ನು ನಾನು ಬಹಳ ವರ್ಷ ಹೊಗಳಿಕೆಯೆಂದೇ ತಿಳಿದಿದ್ದೆ.

ಸಮಿತಿಯಲ್ಲಿ ಮೂವರು. ಇಬ್ಬರು ತಲೆಯಾಡಿಸುವವರು. ಮೂರನೆಯವರು ನಿವೃತ್ತ ಇಂಜಿನಿಯರು, ಜರಿ ಪೇಟ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಅವರು ಸಾಲನ್ನು ಒಂದು ಸುತ್ತು ಬಂದು ಕೇಳಿದ ಮೊದಲ ಪ್ರಶ್ನೆ, "ಎಣ್ಣೆ ಎಲ್ಲಿ ಬಿಡ್ತೀರಿ?" ಪ್ರಿನ್ಸಿಪಾಲರು ಬೆವರಿದರು. "ಹಾಸ್ಟೆಲಿನಲ್ಲಿ ಸಾರ್, ಒಗ್ಗರಣೆಗೆ," ಎಂದ ಸಾಲಿನಲ್ಲಿದ್ದ ಒಂದು ಸ್ಲೇಟು.

ಮೊದಲು ಮೂರಕ್ಕೆ ಎರಡು ಕೂಡಿಸಿದೆವು. ಒದ್ದೆ ಬಟ್ಟೆ, ಬಳಪ, ಚೀಟಿ ಹಿಡಿದು ನಾನು ಹುಡುಗರ ಮುಂದೆ ಸರಿದಾಡಿದೆ. ನಾಲ್ಕು ನಿಮಿಷದಲ್ಲಿ ಐದು ಬಂತು. "ನನ್ನ ಮೊಮ್ಮಗ ಬೆರಳಲ್ಲೇ ಮಾಡ್ತಾನೆ," ಎಂದರು ಇಂಜಿನಿಯರು. ಆಮೇಲೆ ನನ್ನ ಕೈಯಿಂದ ಚೀಟಿ ತೆಗೆದುಕೊಂಡು, "ನಾನೊಂದು ನಿಯಮ ಬರೀತೀನಿ, ಅದನ್ನ ಮಾಡಲಿ," ಎಂದು ನಾಲ್ಕು ಸಾಲು ಗೀಚಿದರು.

ನಾನು ಹೊರಟೆ. ಒಂದು ಅಳಿಸಿದೆ, ಸೊನ್ನೆ ಬರೆದೆ, ಬಲಕ್ಕೆ ಸರಿದೆ. ಸೊನ್ನೆ ಅಳಿಸಿದೆ, ಒಂದು ಬರೆದೆ, ಎಡಕ್ಕೆ ಬಂದೆ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಆ ತುದಿಗೂ ಈ ತುದಿಗೂ ಓಡಾಡುತ್ತ, ಪ್ರತಿ ಸಲವೂ ಬಲಕ್ಕೆ ಸ್ವಲ್ಪ ಸ್ವಲ್ಪವೇ ಮುಂದೆ ಹೋಗುತ್ತ ಕೊನೆಗೆ ನಲವತ್ತನೆಯ ಹುಡುಗನನ್ನೂ ದಾಟಬೇಕಾಗಿ ಬಂತು.

"ಪಟ್ಟಿ ಮುಗೀತು ಸಾರ್!" ಎಂದು ಕೂಗಿದೆ.

"ಪಟ್ಟಿ ಮುಗಿಯೋ ಹಾಗಿಲ್ಲ," ಎಂದರು ಮೇಷ್ಟ್ರು. ಜವಾನನನ್ನು ಕರೆದು ನಿಲ್ಲಿಸಿದರು. ಆಮೇಲೆ ಗುಮಾಸ್ತರನ್ನು, ಸಂಸ್ಕೃತದ ಪಂಡಿತರನ್ನು. ಸಾಲು ಕಾಲೇಜಿನ ಗೇಟು ದಾಟಿ ರಸ್ತೆಗೆ ಬಂತು. ಸ್ಲೇಟು ಸಾಲದೆ ಹಳೆಯ ಪರೀಕ್ಷೆಯ ಕಾಗದ ಹರಿದು ಹಂಚಿದರು.

ಆ ಕಾಲದ ಬೆಂಗಳೂರಿನಲ್ಲಿ ರಸ್ತೆಯ ಮೇಲೆ ಸಾಲೊಂದು ಕಂಡರೆ ರೇಷನ್ನೇ ಇರಬೇಕೆಂದು ಯಾರೂ ಏಕೆಂದು ಕೇಳುತ್ತಿರಲಿಲ್ಲ, ಮೊದಲು ನಿಲ್ಲುತ್ತಿದ್ದರು. ಚೀಲ ಹಿಡಿದ ಹೆಂಗಸರು, ಪೆನ್ಷನ್ ಮುದುಕರು, ಬಿನ್ನಿಪೇಟೆಯ ಗಿರಣಿಯ ಪಾಳಿ ಮುಗಿಸಿ ನೆಂಟರ ಮನೆಗೆ ಹೊರಟವರು, ಎಲ್ಲರೂ ಬಂದು ಹಿಂದೆ ನಿಂತರು. ಪಟ್ಟಿ ತಾನಾಗಿಯೇ ತ್ಯಾಗರಾಜನಗರದ ದಿಕ್ಕಿಗೆ ಬೆಳೆಯಿತು. ಪ್ರಬಂಧದಲ್ಲಿ ಓದಿ ನಾವು ನಂಬದಿದ್ದ ಕೊನೆಯಿಲ್ಲದ ಪಟ್ಟಿ ಕಣ್ಣೆದುರೇ ಇತ್ತು.

"ಏನಮ್ಮಾ ಕೊಡ್ತಾ ಇದಾರೆ?" ಎಂದು ಒಬ್ಬಾಕೆ ಕೇಳಿದರು.

"ಒಂದು, ಇಲ್ಲಾಂದ್ರೆ ಸೊನ್ನೆ."

ಅವರ ಕಾಗದದಲ್ಲಿ ಸೊನ್ನೆ ಬರೆದು ಮುಂದೆ ಸರಿದು, ಪಕ್ಕದವರಿಗೆ ಒಂದು ಬರೆದೆ. ಆಕೆಗೆ ಸಿಟ್ಟು ಬಂತು. "ಅಲ್ಲಾರೀ, ಅವರು ನನ್ನ ಹಿಂದೆ ಬಂದೋರು! ಅವರಿಗೆ ಒಂದು, ನನಗೆ ಸೊನ್ನೇನಾ? ಮನೇಲಿ ಏಳು ಜನ ಇದೀವಿ!" ಅದೃಷ್ಟಕ್ಕೆ ನಿಯಮವೇ ನನ್ನನ್ನು ಎಡಕ್ಕೆ ತಿರುಗಿಸಿತು. ಅವರಿಗೂ ಒಂದು ಬರೆದೆ. "ಕೇಳಿದ್ರೇನೇ ಕೊಡೋದು," ಎಂದು ಆಕೆ ಹಿಂದಿನವರಿಗೆ ಹೇಳಿದರು. ಅಲ್ಲಿಂದಾಚೆ ಎಲ್ಲರೂ ಕೇಳತೊಡಗಿದರು.

ಇಂಜಿನಿಯರು ಗಡಿಯಾರ ನೋಡಿದರು. "ಇದು ಯಾವಾಗ ನಿಲ್ಲುತ್ತೆ?"

"ಹೇಳೋಕಾಗಲ್ಲ ಸಾರ್," ಎಂದರು ಮೇಷ್ಟ್ರು.

"ನಿಮ್ಮ ಮಿಷನ್ನು, ನಿಮಗೇ ಗೊತ್ತಿಲ್ವೆ?"

"ನಿಯಮ ತಮ್ಮದು ಸಾರ್. ಯಾವ ನಿಯಮ ಕೊಟ್ರೂ ಅದು ನಿಲ್ಲುತ್ತೋ ಇಲ್ವೋ ಅಂತ ಮೊದಲೇ ಹೇಳೋ ಒಂದೇ ವಿಧಾನ ಇರೋಕೆ ಸಾಧ್ಯ ಇಲ್ಲ. ಅದನ್ನ ಗಣಿತದಲ್ಲಿ ಸಾಧಿಸಿಯಾಗಿದೆ."

ಇಂಜಿನಿಯರ ಮುಖ ಕೆಂಪಾಯಿತು. ಪ್ರಿನ್ಸಿಪಾಲರು ಬೆವರೊರೆಸುತ್ತ ನನ್ನ ಪಕ್ಕಕ್ಕೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ನಿಂತ್ಬಿಡಮ್ಮ. ಮುಗೀತು ಅನ್ನು. ಇಲ್ದಿದ್ರೆ ನಿಮ್ಮ ಮೇಷ್ಟ್ರ ಕೆಲಸ ಹೋಗುತ್ತೆ."

ನಾನು ಚೀಟಿ ನೋಡಿದೆ. ಅದು ಬಲಕ್ಕೆ ಸರಿ ಎನ್ನುತ್ತಿತ್ತು. ಸೆರಗಿನಿಂದ ಮುಖ ಒರೆಸಿಕೊಂಡೆ. "ನಿಂತುಹೋಯ್ತು ಸಾರ್," ಎಂದೆ.

ಸಮಿತಿ ಚಪ್ಪಾಳೆ ತಟ್ಟಿತು. ಮೇಷ್ಟ್ರು ಮಾತ್ರ ಓಡಿಬಂದು, "ಇಲ್ಲ ಸಾರ್, ಇದು ಮುಗಿದಿಲ್ಲ, ಇನ್ನೂ ಇದೆ," ಎಂದು ಗೋಗರೆದರು. "ವಿನಯ ನೋಡಿ," ಎಂದರು ಇಂಜಿನಿಯರು, ಮೆಚ್ಚುಗೆಯಿಂದ. ಹೊರಗೆ ಸಾಲನ್ನು ಚದುರಿಸಲು ಪೊಲೀಸಿನವರು ಬರಬೇಕಾಯಿತು. ಮನೆಯಲ್ಲಿ ಕಾಲಿಗೆ ಬಿಸಿನೀರು ಹಾಕುತ್ತ ಅಮ್ಮ, "ಇಡೀ ದಿನ ನಡೆದ್ಯಲ್ಲೇ, ಎಲ್ಲಿಗೆ ಹೋಗಿದ್ದೆ?" ಎಂದಳು. ಎಲ್ಲಿಗೂ ಇಲ್ಲ ಎಂದರೆ ನಂಬಲಿಲ್ಲ.

ತಿಂಗಳೊಳಗೆ ಆದೇಶ ಬಂತು. ಯಂತ್ರ ತೃಪ್ತಿಕರವಾಗಿ ಸಿದ್ಧವಾಗಿದೆ, ಅದನ್ನು ಮಳೆಯಲ್ಲಿ ನೆನೆಯದಂತೆ ಇಡಲು ತಗಡಿನ ಷೆಡ್ಡು ಮಂಜೂರಾಗಿದೆ. ಯಂತ್ರ ಮುಗಿದಿರುವುದರಿಂದ ಅದರ ಬಗ್ಗೆ ಯೋಚಿಸುವವರ ಅಗತ್ಯ ಇನ್ನು ಮುಂದೆ ಇರುವುದಿಲ್ಲ. ಮೇಷ್ಟ್ರ ಹಂಗಾಮಿ ಕೆಲಸವನ್ನು ಮುಂದುವರಿಸಲಿಲ್ಲ. ಷೆಡ್ಡು ಮಾತ್ರ ಕಟ್ಟಿದರು. ನಮ್ಮ ನಲವತ್ತು ಜನ ಮಳೆ ಬಂದಾಗ ಅದರಡಿ ನಿಲ್ಲುತ್ತಿದ್ದರು, ಆದ್ದರಿಂದ ಆದೇಶ ಪಾಲನೆಯಾಯಿತು ಎಂದೇ ಹೇಳಬೇಕು.

ಮೂರು ವಾರ ಹಿಂಜರಿದು ನಾನು ತರಗುಪೇಟೆಗೆ ಹೋದೆ. ಮೇಷ್ಟ್ರು ಕಡಲೆಬೇಳೆಯ ಮೂಟೆಗಳ ನಡುವೆ ಅದೇ ಕೋಟು ತೊಟ್ಟು ಕುಳಿತಿದ್ದರು.

"ಸಾರ್, ಅವತ್ತು ಯಂತ್ರ ನಿಲ್ಲಲಿಲ್ಲ. ನಾನು ಸುಳ್ಳು ಹೇಳಿದೆ," ಎನ್ನುವಷ್ಟರಲ್ಲಿ ಅಳು ಬಂತು.

"ಗೊತ್ತಿತ್ತಮ್ಮ. ಸೆರಗಲ್ಲಿ ಮುಖ ಒರೆಸ್ಕೊಂಡೆಯಲ್ಲ, ಅದು ಚೀಟೀಲಿ ಇರ್ಲಿಲ್ಲ." ತಕ್ಕಡಿ ಬದಿಗಿಟ್ಟು, "ನನಗೋಸ್ಕರ ಮಾಡಿದೆ. ಆ ಬಗ್ಗೆ ನನಗೆ ಬೇಜಾರಿಲ್ಲ. ಆದ್ರೆ ಲೆಕ್ಕ ಏನಾಯ್ತು ಅಂತ ನೀನು ಕೇಳ್ಲೇ ಇಲ್ವಲ್ಲ, ಅದು ಬೇಜಾರು," ಎಂದರು.

"ಏನಾಯ್ತು ಸಾರ್?"

ಅವರ ಮುಖ ಅರಳಿತು. ಬೇಳೆಯ ಪೊಟ್ಟಣ ಕಟ್ಟುವ ಕಾಗದಗಳ ಒಂದು ಕಟ್ಟು ತೆಗೆದರು. ಅದರ ತುಂಬ ಒಂದು, ಸೊನ್ನೆ, ಬಾಣದ ಗುರುತು. ಗಿರಾಕಿಗಳ ನಡುವೆ ಮೂರು ವಾರ ಕುಳಿತು ಇಂಜಿನಿಯರ ಆ ನಾಲ್ಕು ಸಾಲು ಎಂದೆಂದಿಗೂ ನಿಲ್ಲುವುದಿಲ್ಲವೆಂದು ಅವರು ಸಾಧಿಸಿದ್ದರು. "ಇದೊಂದಕ್ಕೆ ಉತ್ತರ ಸಿಕ್ತು. ಇನ್ನೊಂದು ಚೀಟಿಗೆ ಮತ್ತೆ ಮೊದಲಿಂದ ಯೋಚಿಸ್ಬೇಕು. ಎಷ್ಟು ಕೆಲಸ ಇದೆ ನೋಡು!" ಕೆಲಸ ಕಳೆದುಕೊಂಡವರ ಬಾಯಲ್ಲಿ ಆ ಮಾತು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕಟ್ಟನ್ನು ನನಗೇ ಕೊಟ್ಟುಬಿಟ್ಟರು. ನಾನು ಮುಂದೆ ಓದಿದ್ದು, ಸಂಶೋಧನೆಗೆ ಇಳಿದದ್ದು, ಕಲಿಸಿದ್ದು ಎಲ್ಲ ಅಲ್ಲಿಂದಲೇ ಶುರುವಾಯಿತು. ಮೇಷ್ಟ್ರು ಮತ್ತೆ ಯಾವ ಕಾಲೇಜಿಗೂ ಅರ್ಜಿ ಹಾಕಲಿಲ್ಲ.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಈ ಕಥೆ ಹೇಳುತ್ತಿದ್ದೆ. ಆ ನಾಲ್ಕು ಸಾಲನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ರೇಷನ್ ಸಾಲಿನ ಜಗಳಕ್ಕೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಕೊನೆಗೆ "ಅಂತೂ ಯಂತ್ರ ನಿಂತಿತು" ಎಂದು ಮುಗಿಸಿ ಪಾಠಕ್ಕೆ ಹೋಗುತ್ತಿದ್ದೆ. ಒಂದು ವರ್ಷವೂ ಯಾರೂ ಏನೂ ಕೇಳಲಿಲ್ಲ.

ನಿನ್ನೆ ನನ್ನ ಹಳೆಯ ವಿಭಾಗದವರು ಮಾತಾಡಲು ಕರೆದಿದ್ದರು. ಅಭ್ಯಾಸಬಲದಿಂದ ಅದೇ ಕಥೆ ಹೇಳಿ, ಅದೇ ನಾಲ್ಕು ಸಾಲನ್ನು ಬೋರ್ಡಿನ ಮೇಲೆ ಬರೆದು, ಅದೇ ಮಾತಿಗೆ ಬಂದು ನಿಲ್ಲಿಸಿದೆ. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ನೋಟ್‌ಬುಕ್ಕಿನಿಂದ ತಲೆಯೆತ್ತದೆಯೇ ಕೇಳಿದಳು: "ಮೇಡಮ್, ಹೇಗೆ ನಿಂತಿತು? ಈ ಚೀಟೀಲಿ 'ನಿಲ್ಲು' ಅನ್ನೋ ಕಡೆಗೆ ಅದು ಹೋಗೋದೇ ಇಲ್ವಲ್ಲ?"

ನೂರು ಜನ ನನ್ನತ್ತ ನೋಡಿದರು. ಏನಾದರೊಂದು ಹೇಳಿ ನಗಿಸಿಬಿಡಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ.

"ಅದು ನಿಲ್ಲಲಿಲ್ಲಮ್ಮ," ಎಂದೆ. "ನಾನು ನಿಂತೆ."

ಅವಳು ತಲೆಯೆತ್ತಿ, "ಹಾಗಾದ್ರೆ ಸರಿ," ಎಂದು ಏನನ್ನೋ ಗುರುತು ಹಾಕಿಕೊಂಡು ಮುಂದಿನ ಸಾಲು ಬರೆಯತೊಡಗಿದಳು.