ಕಣ್ಣು ಬಿಟ್ಟ ತಗಡು

ನಾಚಾರಂ ಇಂಡಸ್ಟ್ರಿಯಲ್ ಏರಿಯಾದಾಗ ನಂದೊಂದು ಫ್ಯಾಬ್ರಿಕೇಶನ್ ಶೆಡ್ ಐತಿ. ಗೇಟು, ಗ್ರಿಲ್ಲು, ಅಂಗಡಿ ಬೋರ್ಡು ಮಾಡ್ತೀವಿ. ಅಲ್ಲಿಗೆ ನಾಯಕಪೋಡು ಬುಡಕಟ್ಟಿನ ಒಬ್ಬ ಹುಡುಗಿ ಬಂದಿದ್ಲು. ಆಕಿ ಮನಿತನದವರು ದೇವರ ಮುಖವಾಡ ಕಟ್ಟಿಗಿಯೊಳಗ ಕೆತ್ತೋರು. ಈಕಿಗೆ ಅದೇ ಮುಖ ಸ್ಟೀಲ್ ತಗಡಿನಾಗ ಬೇಕು, ಕಣ್ಣಿಗೆ ಎಲ್‌ಇಡಿ ಬೇಕು. ಮುಖ ತಯಾರಾದ ದಿನ ಸಂಜಿಗೇ ಆರ್ಟ್ ಗ್ಯಾಲರಿಯೊಳಗ ಆಕಿ ಮೊದಲನೇ ಪ್ರದರ್ಶನ ಇತ್ತು.

ಟೆಂಪೋ ಬಂದು ನಿಂತಿತ್ತು. ಮಾಲು ಹೊರಗ ಹೋಗೂ ಮುಂಚೆ ಚೆಕ್ ಮಾಡೋದು ನಮ್ಮ ಪದ್ಧತಿ. ಪ್ಲಗ್ ಹಾಕಿ, ಮುಖದ ಎದುರಿಗೆ ನಿಂತು ಸ್ವಿಚ್ ಒತ್ತಿದೆ. ಕಣ್ಣು ಕೆಂಪಗೆ ಹತ್ತಿದವು.

ಹುಡುಗಿ ಮಾರಿ ಬೆಳ್ಳಗಾತು. "ಏನ್ ಮಾಡಿದ್ರಿ! ಪೂಜೆ ಮಾಡಿ ದೇವರ ಕಣ್ಣು ಬಿಡಿಸೋನು ನಮ್ಮಜ್ಜ. ಗ್ಯಾಲರಿಯೊಳಗ ಕಾಯಾಕತ್ತಾನ. ಕಣ್ಣು ಬಿಟ್ಟಮ್ಯಾಲೆ ಇದು ತಗಡಲ್ರಿ, ದೇವರು."

"ಆರಿಸಿದ್ರ ಆತಲ್ಲವಾ?"

"ದೇವರಿಗೆ ಕಣ್ಣು ಮುಚ್ಚು ಅಂತೀರೇನು?"

ನನ್ನ ಕೈ ಸ್ವಿಚ್ಚಿನ ಮ್ಯಾಲೇ ನಿಂತುಬಿಡ್ತು. ಪ್ಲಗ್ ಕೀಳದೇ ಮುಖ ಟೆಂಪೋ ಹತ್ತಂಗಿಲ್ಲ, ಕಿತ್ತರ ಕಣ್ಣು ಆರತಾವ. ಡ್ರೈವರ್ ಹಾರ್ನ್ ಬಾರಿಸಾಕತ್ತಿದ್ದ. ಆಕಿ ಅಜ್ಜಗ ಫೋನ್ ಹಚ್ಚಿದ್ಲು. ಅಂವ ಒಂದೇ ಮಾತು ಕೇಳಿದ: "ಮೊದಲು ಯಾರನ್ನ ನೋಡ್ತು?"

"ಶೆಡ್ಡಿನ ಮಾಲೀಕರನ್ನ."

"ಹಂಗಾದ್ರ ಅವರೇ ಹೊತ್ತು ತರಲಿ. ಪೂಜೆ ಆಗೋತನಕ ಕೆಳಗಿಡಂಗಿಲ್ಲ."

ಸ್ಕೂಟರ್ ಬ್ಯಾಟರಿ ಬಿಚ್ಚಿ ತಂದು ಕಣ್ಣಿನ ವೈರಿಗೆ ಜೋಡಿಸಿ, ಉಸಿರು ಹಿಡಿದು ಪ್ಲಗ್ ಕಿತ್ತೆ. ಕಣ್ಣು ಒಮ್ಮೆ ಮಿಣುಕಿದವು. ಆರಲಿಲ್ಲ.

ಗ್ಯಾಲರಿಯೊಳಗ ಅಜ್ಜನ ಪೂಜೆ ಭಾಳ ಹೊತ್ತು ನಡೀತು. ಗ್ವಾಡಿಮ್ಯಾಲೆ 'ದಯವಿಟ್ಟು ಮುಟ್ಟಬೇಡಿ' ಅನ್ನೋ ಬೋರ್ಡಿತ್ತು, ಅದೂ ನಮ್ಮ ಶೆಡ್ಡಿನದೇ. ಅದರ ಕೆಳಗ ಆ ಮುಖ ಎದಿಗವಚಿಕೊಂಡು ನಾನು ನಿಂತಿದ್ದೆ, ಕೈ ಬಿಟ್ಟರ ಪೂಜೆ ಕೆಡತೈತಿ ಅಂತ.